ಕಾಳಗವೂ ಗಡಿಯಾರವೂ

ಕಾಳಗವೆಂದ ಮೇಲೆ ಅದಕ್ಕೆ ಒಂದು ಕೊನೆ ಇರಲೇಬೇಕು. ಎರಡು ಟಗರುಗಳು ಹಾಯ್ದಾಡುವಾಗ ಒಂದು ಬೆನ್ನು ತೋರಿಸಿ ಓಡಿದರೆ ಅಲ್ಲಿಗೆ ಕಾಳಗ ಮುಗಿಯುತ್ತದೆ. ಗರಡಿಯ ಕುಸ್ತಿಯಲ್ಲಿ ಒಬ್ಬನ ಬೆನ್ನು ಮಣ್ಣಿಗೆ ತಾಗಿದರೆ ಮುಗಿಯುತ್ತದೆ. ಎಷ್ಟು ಹೊತ್ತು ಹಿಡಿಯಿತು ಎಂಬ ಪ್ರಶ್ನೆಗೆ ಇಲ್ಲಿ ಬೆಲೆಯಿಲ್ಲ. ಕೊನೆಯನ್ನು ಗೊತ್ತುಮಾಡುವುದು ಕಾಳಗದೊಳಗಿನ ಒಂದು ಘಟನೆಯೇ. ಇಂಗ್ಲೆಂಡಿನ ಮುಷ್ಟಿಯುದ್ಧವೂ ಬಹುಕಾಲ ಹೀಗೆಯೇ ಇತ್ತು. ಬರಿಗೈಯಲ್ಲಿ ಗುದ್ದಾಡುತ್ತಿದ್ದ ಆ ದಿನಗಳಲ್ಲಿ ಒಬ್ಬನು ನೆಲಕ್ಕೆ ಬಿದ್ದರೆ ಒಂದು ಸುತ್ತು ಮುಗಿದಂತೆ. ಬಿದ್ದವನು ಗೊತ್ತಾದ ಬಿಡುವಿನೊಳಗೆ ಮತ್ತೆ ಎದ್ದು ಬಾರದಿದ್ದರೆ ಕಾಳಗವೇ ಮುಗಿದಂತೆ. 1867ರಲ್ಲಿ ಪ್ರಕಟವಾದ ಕ್ವೀನ್ಸ್‌ಬರಿ ನಿಯಮಗಳು ಸುತ್ತೊಂದಕ್ಕೆ ಮೂರು ನಿಮಿಷ, ನಡುವೆ ಒಂದು ನಿಮಿಷ ವಿರಾಮ ಎಂದು ಕಟ್ಟಳೆ ಮಾಡಿದುವು. ಹೀಗೆ ಕಾಳಗವನ್ನು ಮುಗಿಸುವ ಅಧಿಕಾರದಲ್ಲಿ ಗಡಿಯಾರಕ್ಕೂ ಒಂದು ಪಾಲು ದೊರೆಯಿತು.

ಇದೇ ಬದಲಾವಣೆ ನಮ್ಮ ಕಾಲದಲ್ಲಿ ಇನ್ನೊಂದು ಅಖಾಡದಲ್ಲಿ ನಡೆದಿದೆ. ಆ ಅಖಾಡ ಗಾಜಿನ ಪರದೆ. ಅಲ್ಲಿ ಸೆಣಸುವವರು ಬೆಳಕಿನ ಗೊಂಬೆಗಳು. ಇಬ್ಬರು, ನಾಲ್ವರು ಅಥವಾ ಎಂಟು ಮಂದಿ ಏಕಕಾಲದಲ್ಲಿ ಗುಂಡಿಗಳನ್ನೊತ್ತಿ ಆಡುವ ಹೋರಾಟದ ವಿಡಿಯೋ ಆಟಗಳಲ್ಲಿ ವಾಚಕರ ಪೈಕಿ ಅನೇಕರು ಈ ಲೇಖಕನಿಗಿಂತ ಎಷ್ಟೋ ಪಾಲು ನುರಿತವರಿರಬೇಕು. ಅವರಿಗೆ ಆಡುವ ಬಗೆಯನ್ನು ಕಲಿಸುವುದು ನಮ್ಮ ಉದ್ದೇಶವಲ್ಲ. ಏಟುಗಳು, ಪಾತ್ರಗಳು, ಅಖಾಡ ಎಲ್ಲವನ್ನೂ ಇದ್ದಂತೆಯೇ ಇರಿಸಿ, 'ಆಟ ಯಾವಾಗ ಮುಗಿಯಬೇಕು' ಎಂಬ ಒಂದೇ ಒಂದು ನಿಯಮವನ್ನು ಬದಲಾಯಿಸಿದರೆ ಆಡುವವರ ನಡತೆ ತಲೆಕೆಳಗಾಗುತ್ತದೆ. ಅದು ಏಕೆ ಎಂಬುದನ್ನು ಸಣ್ಣ ಲೆಕ್ಕಗಳ ಸಹಾಯದಿಂದ ನೋಡೋಣ.

ನಾಣ್ಯದ ಲೆಕ್ಕ

ವಿಡಿಯೋ ಆಟಕ್ಕೆ ಗಡಿಯಾರ ಬಂದುದು ಕ್ರೀಡೆಯ ನ್ಯಾಯಕ್ಕಾಗಿ ಅಲ್ಲ, ಅಂಗಡಿಯವನ ಲಾಭಕ್ಕಾಗಿ. ನಾಣ್ಯ ಹಾಕಿ ಆಡುವ ವಿಡಿಯೋ ಯಂತ್ರಗಳಲ್ಲಿ ಮಾರುಕಟ್ಟೆಗೆ ಮೊದಲು ಬಂದುದು 1971ರ 'ಕಂಪ್ಯೂಟರ್ ಸ್ಪೇಸ್'. ಒಂದು ನಾಣ್ಯಕ್ಕೆ ಇಷ್ಟು ಹೊತ್ತಿನ ಆಟ ಎಂಬ ಮಿತಿ ಅದರಲ್ಲಿಯೇ ಇತ್ತು. ಯಂತ್ರದ ಮುಂದೆ ಸಾಲು ನಿಂತಿರುವಾಗ ಒಬ್ಬನೇ ಒಂದು ನಾಣ್ಯಕ್ಕೆ ಸಂಜೆಯವರೆಗೂ ಆಡುತ್ತ ಕುಳಿತರೆ ಯಜಮಾನನ ಗತಿಯೇನು?

1984ರಲ್ಲಿ ಜಪಾನಿನಿಂದ ಬಂದ 'ಕರಾಟೆ ಚಾಂಪ್' ಇಬ್ಬರು ಪಟುಗಳ ದ್ವಂದ್ವಕ್ಕೆ ಕಾಲದ ಮಿತಿಯನ್ನು ಹಾಕಿತು. 1991ರಲ್ಲಿ ಕ್ಯಾಪ್ಕಾಮ್ ಕಂಪೆನಿ ಹೊರತಂದ 'ಸ್ಟ್ರೀಟ್ ಫೈಟರ್ 2' ಈ ಪದ್ಧತಿಗೆ ಒಂದು ಸ್ಥಿರರೂಪವನ್ನು ಕೊಟ್ಟಿತು. ಪರದೆಯ ಮೇಲ್ಭಾಗದಲ್ಲಿ ಇಬ್ಬರ ಶಕ್ತಿಯನ್ನೂ ತೋರಿಸುವ ಎರಡು ಪಟ್ಟಿಗಳು. ನಡುವೆ 99ರಿಂದ ಇಳಿಯುತ್ತ ಬರುವ ಒಂದು ಸಂಖ್ಯೆ. ಏಟು ತಿಂದಂತೆ ಪಟ್ಟಿ ಕುಗ್ಗುತ್ತದೆ. ಒಬ್ಬನ ಪಟ್ಟಿ ಬರಿದಾದರೆ ಆ ಸುತ್ತು ಮುಗಿಯಿತು. ಅದಕ್ಕೆ ಮೊದಲೇ ಸಂಖ್ಯೆ ಸೊನ್ನೆಯಾದರೆ ಯಾರ ಪಟ್ಟಿ ಹೆಚ್ಚು ಉಳಿದಿದೆಯೋ ಅವನೇ ಗೆದ್ದವನು. ಈ ಎರಡನೆಯ ವಾಕ್ಯ ನೋಡುವುದಕ್ಕೆ ಬಹಳ ಸಾಧುವಾಗಿದೆ. ಮುಂದೆ ಬರುವ ತೊಡಕುಗಳೆಲ್ಲ ಹುಟ್ಟುವುದು ಇದರ ಹೊಟ್ಟೆಯಲ್ಲಿಯೇ.

ಯಂತ್ರದೊಳಗಿನ ಗಡಿಯಾರ

ಪರದೆಯ ಮೇಲಿನ ಈ ಗಡಿಯಾರ ಗೋಡೆಯ ಗಡಿಯಾರದಂತೆ ಕಾಲವನ್ನು ಅಳೆಯುವುದಿಲ್ಲ. ಅದು ಚಿತ್ರಗಳನ್ನು ಎಣಿಸುತ್ತದೆ. ಸಿನಿಮಾದಂತೆಯೇ ಇಲ್ಲಿಯೂ ಚಲನೆಯೆಂಬುದು ಒಂದರ ಹಿಂದೆ ಒಂದಾಗಿ ಮೂಡುವ ನಿಶ್ಚಲ ಚಿತ್ರಗಳ ಮಾಲೆ. ಹೋರಾಟದ ಆಟಗಳಲ್ಲಿ ಸೆಕೆಂಡಿಗೆ 60 ಚಿತ್ರಗಳು ಮೂಡುವುದು ವಾಡಿಕೆ. ಒಂದೊಂದು ಚಿತ್ರಕ್ಕೂ ಯಂತ್ರ ಗುಂಡಿಗಳ ಸ್ಥಿತಿಯನ್ನು ಒಮ್ಮೆ ನೋಡಿಕೊಂಡು, ಗೊಂಬೆಗಳನ್ನು ಒಂದು ಹೆಜ್ಜೆ ಸರಿಸಿ, ಎಣಿಕೆಯಲ್ಲಿ ಒಂದನ್ನು ಕಳೆಯುತ್ತದೆ. ಎಂಟು ನಿಮಿಷಗಳ ಪಂದ್ಯವೆಂದರೆ ಯಂತ್ರದ ಪಾಲಿಗೆ 28,800 ಚಿತ್ರಗಳು. ಎರಡು ನಿಮಿಷಗಳೆಂದರೆ 7,200.

ಇದರಿಂದ ಒಂದು ವಿನೋದ ಸಂಗತಿ ಹೊರಡುತ್ತದೆ. ಅಮೆರಿಕದ ದೂರದರ್ಶನಕ್ಕೆ 1953ರಲ್ಲಿ ಬಣ್ಣವನ್ನು ಸೇರಿಸಿದಾಗ, ಧ್ವನಿಯ ಅಲೆಗಳೂ ಬಣ್ಣದ ಅಲೆಗಳೂ ಒಂದಕ್ಕೊಂದು ತೊಡರದಂತೆ ಸೆಕೆಂಡಿನ 60ನ್ನು 59.94ಕ್ಕೆ ಇಳಿಸಬೇಕಾಯಿತು. ಜಪಾನು ಅದೇ ಕ್ರಮವನ್ನು ಅನುಸರಿಸಿತು. ಆದುದರಿಂದ ಆ ದೇಶಗಳ ಹಳೆಯ ಟೆಲಿವಿಷನ್ನಿನಲ್ಲಿ 28,800 ಚಿತ್ರಗಳು ಮೂಡಿ ಮುಗಿಯಬೇಕಾದರೆ 480 ಸೆಕೆಂಡಲ್ಲ, 480.48 ಸೆಕೆಂಡು ಬೇಕು. ಎಂಟು ನಿಮಿಷಗಳ ಪಂದ್ಯ ಕೈಗಡಿಯಾರಕ್ಕಿಂತ ಹೆಚ್ಚುಕಡಿಮೆ ಅರ್ಧ ಸೆಕೆಂಡು ತಡವಾಗಿ ಮುಗಿಯುತ್ತದೆ. ಯೂರೋಪಿನಲ್ಲಿ ಅಂತರ ಇನ್ನೂ ದೊಡ್ಡದಾಗಿತ್ತು. ಅಲ್ಲಿಯ ಟೆಲಿವಿಷನ್ ಪದ್ಧತಿ, ನಮ್ಮ ದೇಶದ್ದರಂತೆಯೇ, ಸೆಕೆಂಡಿಗೆ 50ರದು. ಜಪಾನಿಗಾಗಿ ರಚಿಸಿದ ಆಟವನ್ನು ತಿದ್ದದೆ ಅಲ್ಲಿ ಓಡಿಸಿದರೆ ಏಟು, ಜಿಗಿತ, ಗಡಿಯಾರ ಎಲ್ಲವೂ ಆರರಲ್ಲಿ ಐದು ಪಾಲು ವೇಗಕ್ಕೆ ಇಳಿಯುತ್ತಿದ್ದುವು. ಎರಡು ನಿಮಿಷಗಳ ಪಂದ್ಯ ಎರಡು ನಿಮಿಷ ಇಪ್ಪತ್ತನಾಲ್ಕು ಸೆಕೆಂಡು ನಡೆಯುತ್ತಿತ್ತು. ಆಡುವವರಿಗೆ ಅನ್ಯಾಯವೇನೂ ಆಗುತ್ತಿರಲಿಲ್ಲ. ಓಟಗಾರನೂ ಗಡಿಯಾರವೂ ಒಟ್ಟಿಗೆ ನಿಧಾನವಾದರೆ ಓಟದ ಫಲ ಬದಲಾಗುವುದಿಲ್ಲವಷ್ಟೆ.

ಇಬ್ಬರು ಆಟಗಾರರು ಬೇರೆ ಬೇರೆ ಊರುಗಳಲ್ಲಿ ಕುಳಿತು ತಂತಿಯ ಮೂಲಕ ಆಡುವಾಗ ಮಾತ್ರ ಈ ಎಣಿಕೆ ಕಷ್ಟಕ್ಕೆ ಸಿಲುಕುತ್ತದೆ. ಗಾಜಿನ ಎಳೆಯೊಳಗೆ ಬೆಳಕು ಸೆಕೆಂಡಿಗೆ ಸುಮಾರು 2,00,000 ಕಿಲೋಮೀಟರು ಸಾಗುತ್ತದೆ. ಒಂದು ಚಿತ್ರ ಮೂಡುವ ಹೊತ್ತಿನಲ್ಲಿ 3,300 ಕಿಲೋಮೀಟರುಗಳಿಗಿಂತ ಸ್ವಲ್ಪ ಹೆಚ್ಚು. ದೂರದ ಎದುರಾಳಿ ಗುಂಡಿಯೊತ್ತಿದ ಸುದ್ದಿ ಕೆಲವು ಚಿತ್ರಗಳಷ್ಟು ತಡವಾಗಿಯೇ ಬರುತ್ತದೆ. 2006ರ ಸುಮಾರಿಗೆ ಅಮೆರಿಕದ ಟೋನಿ ಕ್ಯಾನನ್ ಎಂಬವರು ಇದಕ್ಕೆ ಒಂದು ಯುಕ್ತಿಯನ್ನು ರೂಪಿಸಿದರು. ಸುದ್ದಿ ಬರುವವರೆಗೆ ಸುಮ್ಮನೆ ಕಾಯದೆ, ಎದುರಾಳಿ ಏನು ಮಾಡಿರಬಹುದೆಂದು ಯಂತ್ರ ಊಹಿಸಿ ಆಟವನ್ನು ಮುಂದುವರಿಸುತ್ತದೆ; ಊಹೆ ತಪ್ಪಾಗಿದ್ದರೆ ಹಿಂದಿನ ಸ್ಥಿತಿಗೆ ಮರಳಿ, ನಿಜವಾದ ಸುದ್ದಿಯೊಡನೆ ಆ ಕೆಲವು ಚಿತ್ರಗಳನ್ನು ಕಣ್ಣಿಗೆ ಕಾಣದಷ್ಟು ಬೇಗ ಮತ್ತೆ ಲೆಕ್ಕ ಹಾಕುತ್ತದೆ. ಹೀಗೆ ಮರಳುವಾಗ ಗಡಿಯಾರದ ಎಣಿಕೆಯೂ ಮರಳುತ್ತದೆ. ಕಾಲವನ್ನು ಹಿಂದಕ್ಕೆ ತಿರುಗಿಸುವ ಸೌಲಭ್ಯ ಮುಷ್ಟಿಯುದ್ಧದ ತೀರ್ಪುಗಾರನಿಗೆ ಎಂದೂ ಇರಲಿಲ್ಲ!

ಎರಡು ಬಗೆಯ ಎಣಿಕೆ

ಕಾಲಮಿತಿಯ ಸ್ವಭಾವವನ್ನು ಪರೀಕ್ಷಿಸುವುದಕ್ಕೆ ತಕ್ಕ ಪ್ರಯೋಗಶಾಲೆ ನಿಂಟೆಂಡೊ ಕಂಪೆನಿಯ 'ಸೂಪರ್ ಸ್ಮ್ಯಾಶ್ ಬ್ರದರ್ಸ್' ಎಂಬ ಆಟ. ಜಪಾನಿನ ಹ್ಯಾಲ್ ಪ್ರಯೋಗಾಲಯದ ಮಸಾಹಿರೊ ಸಕುರಾಯ್ ಇದರ ಕರ್ತೃ. ಮೊದಲ ಆಟ 1999ರಲ್ಲಿ ಬಂದಿತು. 'ಮೆಲೀ' ಎಂಬುದು 2001ರಲ್ಲಿ, 'ಬ್ರಾಲ್' 2008ರಲ್ಲಿ, 'ಅಲ್ಟಿಮೇಟ್' 2018ರಲ್ಲಿ. ಮೊದಮೊದಲು ನಾಲ್ವರು ಆಡಬಹುದಾಗಿತ್ತು. 2014ರಿಂದ ಎಂಟು ಮಂದಿಯವರೆಗೂ ಆಡಬಹುದು.

ಇದರಲ್ಲಿ ಶಕ್ತಿಯ ಪಟ್ಟಿ ಇಲ್ಲ. ಅದರ ಬದಲು ಪ್ರತಿಯೊಬ್ಬನಿಗೂ ಒಂದು ಶೇಕಡಾ ಸಂಖ್ಯೆ ಇರುತ್ತದೆ. ಏಟು ಬಿದ್ದಂತೆ ಅದು ಏರುತ್ತದೆ. ಏರಿದಷ್ಟೂ ಮುಂದಿನ ಏಟಿಗೆ ಅವನು ಹೆಚ್ಚು ದೂರ ಚಿಮ್ಮುತ್ತಾನೆ. ಹಗುರವಾದ ಪಾತ್ರ ಭಾರವಾದುದಕ್ಕಿಂತ ಮತ್ತಷ್ಟು ದೂರ ಹೋಗುತ್ತದೆ. ಚಿಮ್ಮಿದವನು ಅಖಾಡದ ಎಲ್ಲೆಯನ್ನು ದಾಟಿ ಹೊರಬಿದ್ದರೆ ಅವನನ್ನು 'ಹೊರದೂಡಿದಂತೆ'. ಕೂಡಲೆ ಸಂಖ್ಯೆ ಸೊನ್ನೆಯಾಗಿ ಅವನು ಹೊಸಬನಾಗಿ ಅಖಾಡಕ್ಕೆ ಇಳಿಯುತ್ತಾನೆ. ಎಷ್ಟು ಸಲ ಇಳಿಯಬಹುದು? ಇಲ್ಲಿಯೇ ಎರಡು ಪದ್ಧತಿಗಳು ಕವಲೊಡೆಯುತ್ತವೆ.

ಆಡುವವರು 'ಸ್ಟಾಕ್' ಎನ್ನುವ ಪದ್ಧತಿಯಲ್ಲಿ ಪ್ರತಿಯೊಬ್ಬನಿಗೂ ಗೊತ್ತಾದಷ್ಟು ಪ್ರಾಣಗಳು. ಎಲ್ಲವನ್ನೂ ಕಳೆದುಕೊಂಡವನು ಹೊರಗೆ ಕುಳಿತು ನೋಡಬೇಕು. ಕೊನೆಗೆ ಉಳಿದವನು ಗೆದ್ದನು. ಇದನ್ನು ಪ್ರಾಣಮಿತಿಯ ಪಂದ್ಯವೆನ್ನೋಣ. 'ಟೈಮ್' ಎಂಬ ಪದ್ಧತಿಯಲ್ಲಿ ಪ್ರಾಣಗಳಿಗೆ ಲೆಕ್ಕವಿಲ್ಲ, ಕಾಲಕ್ಕೆ ಮಾತ್ರ ಲೆಕ್ಕ. ಒಬ್ಬನನ್ನು ಹೊರದೂಡಿದರೆ ಒಂದು ಅಂಕ ಬರುತ್ತದೆ. ತಾನು ಹೊರಬಿದ್ದರೆ ಒಂದು ಅಂಕ ಹೋಗುತ್ತದೆ. ಕಾಲ ಮುಗಿದಾಗ ಹೆಚ್ಚು ಅಂಕವಿದ್ದವನು ಗೆದ್ದನು. ಇದು ಕಾಲಮಿತಿಯ ಪಂದ್ಯ. ಸರಣಿಯ ಮೊದಲ ಆಟಗಳಲ್ಲಿ ಆಡುವವರು ಬೇರೆ ಆಯ್ಕೆ ಮಾಡದಿದ್ದರೆ ಯಂತ್ರ ತಾನಾಗಿಯೇ ನಡೆಸುತ್ತಿದ್ದುದು ಇದನ್ನೇ. ನಾಲ್ವರು ಗೆಳೆಯರು ಸೇರಿದ ಕೋಣೆಯಲ್ಲಿ ಯಾರೂ ಕೈಕಟ್ಟಿ ಕುಳಿತುಕೊಳ್ಳಬೇಕಾಗಿಲ್ಲವೆಂಬುದು ಅದರ ಮೊದಲ ಗುಣ. ಎರಡನೆಯ ಗುಣವನ್ನು ಕಾಣಲು ಸ್ವಲ್ಪ ಲೆಕ್ಕ ಮಾಡಬೇಕು.

ಸೊನ್ನೆಯಲ್ಲಿ ನಿಂತವನು

ಕ, ಖ, ಗ ಎಂಬ ಮೂವರು ಸಮಬಲರು ತಲಾ ಒಂದು ಪ್ರಾಣದೊಡನೆ ಪ್ರಾಣಮಿತಿಯ ಪಂದ್ಯಕ್ಕೆ ಇಳಿದಿದ್ದಾರೆ ಎಂದಿಟ್ಟುಕೊಳ್ಳಿ. ಕ ಮತ್ತು ಖ ಹೊಡೆದಾಡಲು ತೊಡಗಿದರು. ಗ ಮೂಲೆಯಲ್ಲಿ ನಿಂತು ನೋಡುತ್ತಿದ್ದಾನೆ. ಇಬ್ಬರಲ್ಲಿ ಒಬ್ಬನು ಉಳಿಯುತ್ತಾನೆ. ಆಮೇಲೆ ಅವನು ಗನನ್ನು ಎದುರಿಸಬೇಕು. ಕ ಗೆಲ್ಲಬೇಕಾದರೆ ಎರಡು ಕಾಳಗಗಳನ್ನು ಗೆಲ್ಲಬೇಕು: ಅವನ ಸಂಭವ ಅರ್ಧದಲ್ಲಿ ಅರ್ಧ, ಎಂದರೆ ನಾಲ್ಕನೆಯ ಒಂದು ಪಾಲು. ಖನಿಗೂ ಅಷ್ಟೆ. ಗನಿಗಾದರೋ ಅರ್ಧ. ಅಷ್ಟೇ ಅಲ್ಲ, ಉಳಿದವನು ಮೊದಲ ಕಾಳಗದಲ್ಲಿ ಏಟು ತಿಂದು ಬಂದಿರುವುದರಿಂದ ಗನ ಪಾಲು ಅರ್ಧಕ್ಕಿಂತಲೂ ಹೆಚ್ಚು. ಹೀಗಿರಲು ಬುದ್ಧಿವಂತರಾದ ಮೂವರೂ ಗನಂತಾಗಲು ಬಯಸುತ್ತಾರೆ. ಮೂವರೂ ಮೂರು ಮೂಲೆಗಳಲ್ಲಿ ನಿಂತು ಇನ್ನಿಬ್ಬರು ಯಾವಾಗ ಜಗಳವಾಡುವರೋ ಎಂದು ಕಾಯುತ್ತಾರೆ. ಹೋರಾಟದ ಆಟದಲ್ಲಿ ಹೋರಾಟವೇ ನಡೆಯುವುದಿಲ್ಲ.

ಇದೇ ಮೂವರು, ಬೇಕಾದರೆ ಘ ಎಂಬ ನಾಲ್ಕನೆಯವನನ್ನೂ ಸೇರಿಸಿಕೊಂಡು, ಕಾಲಮಿತಿಯ ಪಂದ್ಯವಾಡಲಿ. ಒಬ್ಬನು ಇನ್ನೊಬ್ಬನನ್ನು ಹೊರದೂಡಿದ ಪ್ರತಿಸಲವೂ ಒಬ್ಬನಿಗೆ ಒಂದು ಅಂಕ ಸೇರುತ್ತದೆ, ಇನ್ನೊಬ್ಬನಿಂದ ಒಂದು ಕಳೆಯುತ್ತದೆ. ಆದುದರಿಂದ ಎಲ್ಲರ ಅಂಕಗಳನ್ನೂ ಕೂಡಿದರೆ ಯಾವಾಗಲೂ ಸೊನ್ನೆಯೇ ಬರಬೇಕು. ಕ ಎಂಬವನು ಖನನ್ನು ಎರಡು ಸಲ ಹೊರದೂಡಿದನು, ಗನು ಕನನ್ನು ಒಂದು ಸಲ, ಘನು ಗನನ್ನು ಒಂದು ಸಲ ಎಂದುಕೊಳ್ಳಿ. ಕನಿಗೆ ಒಂದು, ಖನಿಗೆ ಋಣ ಎರಡು, ಗನಿಗೆ ಸೊನ್ನೆ, ಘನಿಗೆ ಒಂದು. ಕೂಡಿ ನೋಡಿ.

ಈ ಕೂಡಿಕೆಯಿಂದ ಒಂದು ಸಣ್ಣ ಪ್ರಮೇಯ ಹೊರಡುತ್ತದೆ. ಯಾರನ್ನೂ ಹೊಡೆಯದೆ, ಯಾರಿಂದಲೂ ಹೊಡೆಸಿಕೊಳ್ಳದೆ ಮೂಲೆಯಲ್ಲಿ ನಿಂತವನ ಅಂಕ ಸೊನ್ನೆ. ಉಳಿದವರಲ್ಲಿ ಯಾರ ಅಂಕವಾದರೂ ಸೊನ್ನೆಯಿಂದ ಕೆಳಗೆ ಇಳಿದಿದ್ದರೆ, ಮೊತ್ತ ಸೊನ್ನೆಯಾಗಬೇಕಾದುದರಿಂದ ಇನ್ನು ಯಾರದೋ ಅಂಕ ಸೊನ್ನೆಗಿಂತ ಮೇಲೆ ಇರಲೇಬೇಕು. ಎಂದ ಮೇಲೆ ಸೊನ್ನೆಯಲ್ಲಿ ನಿಂತವನು ಎಂದಿಗೂ ಮೊದಲಿಗನಾಗಲಾರ! ಪ್ರಾಣಮಿತಿಯಲ್ಲಿ ಕಾಯುವವನಿಗೆ ದೊರೆಯುತ್ತಿದ್ದ ಬಹುಮಾನವನ್ನು ಕಾಲಮಿತಿ ಒಂದೇ ಏಟಿಗೆ ಕಿತ್ತುಕೊಳ್ಳುತ್ತದೆ. ಗೆಲ್ಲಬೇಕೆಂಬವನು ಅಖಾಡದ ನಡುವಿಗೆ ಬರಲೇಬೇಕು. ಈ ಪ್ರಮೇಯಕ್ಕೆ ಒಂದು ಅಪವಾದವುಂಟು: ಯಾರ ಏಟೂ ಇಲ್ಲದೆ ತಾನೇ ಕಾಲುಜಾರಿ ಬಿದ್ದವನಿಂದ ಒಂದು ಅಂಕ ಕಳೆಯುತ್ತದೆ, ಆದರೆ ಯಾರಿಗೂ ಸೇರುವುದಿಲ್ಲ. ಆಗ ಮೊತ್ತ ಸೊನ್ನೆಗಿಂತ ಕೆಳಗಿಳಿಯುತ್ತದೆ. ಪಂದ್ಯವನ್ನು ನೋಡದೆ, ಕೊನೆಯ ಅಂಕಗಳನ್ನು ಮಾತ್ರ ಕೂಡಿ, ಎಷ್ಟು ಸಲ ಹೀಗೆ ತಾವಾಗಿ ಬಿದ್ದರೆಂದು ಹೇಳಿ ಗೆಳೆಯರನ್ನು ವಿಸ್ಮಯಗೊಳಿಸಬಹುದು.

ಕಾಲಮಿತಿಗೆ ತನ್ನದೇ ಆದ ಕಳ್ಳತನವೂ ಇದೆ. ಹೊರದೂಡಿದ ಅಂಕ ಕೊನೆಯ ಏಟನ್ನು ಕೊಟ್ಟವನಿಗೆ ಸಲ್ಲುತ್ತದೆ. ಕ ಎಂಬವನು ಬೆವರು ಸುರಿಸಿ ಖನ ಸಂಖ್ಯೆಯನ್ನು ಶೇಕಡಾ 120ಕ್ಕೆ ಏರಿಸಿದ ಕ್ಷಣದಲ್ಲಿ ಘ ಎಲ್ಲಿಂದಲೋ ಹಾರಿ ಬಂದು ಒಂದೇ ಏಟಿಗೆ ಅಂಕವನ್ನು ಕಸಿದುಕೊಂಡು ಹೋಗಬಹುದು. ಮೇಲಿನ ಉದಾಹರಣೆಯಲ್ಲಿ ಘನ ಒಂದು ಅಂಕ ಬಂದುದೂ ಹೀಗೆಯೇ ಇರಬೇಕೆಂದು ನನ್ನ ಸಂಶಯ. ಕ, ಘ ಇಬ್ಬರಿಗೂ ಒಂದೊಂದೇ ಅಂಕವಿರುವುದರಿಂದ ಆ ಪಂದ್ಯ ಸಮವಾಗಿ ನಿಂತಿದೆಯಷ್ಟೆ? ಆಗ ಯಂತ್ರ 'ಸಡನ್ ಡೆತ್' ಎಂಬ ಹೆಚ್ಚುವರಿ ಕಾಳಗವನ್ನು ಹೂಡುತ್ತದೆ. ಸಮವಾದವರನ್ನು ಶೇಕಡಾ 300ರ ಸ್ಥಿತಿಯಲ್ಲಿ ಎದುರುಬದುರಾಗಿ ನಿಲ್ಲಿಸುತ್ತದೆ. ಯಾವ ಬಲವಾದ ಏಟು ತಾಗಿದರೂ ಸಾಕು, ತಿಂದವನು ಎಲ್ಲೆಯಾಚೆ. ಅಷ್ಟಕ್ಕೂ ಮುಗಿಯದಿದ್ದರೆ ಮೇಲಿನಿಂದ ಬಾಂಬುಗಳು ಬೀಳತೊಡಗುತ್ತವೆ. ಯಂತ್ರಕ್ಕೂ ತಾಳ್ಮೆಗೊಂದು ಮಿತಿ ಬೇಡವೆ?

ಮುನ್ನಡೆದವನ ಓಟ

ಹಾಗಾದರೆ ಕಾಲಮಿತಿಯೇ ಉತ್ತಮವೆಂದು ತೀರ್ಮಾನಿಸಬಹುದೆ? ಅವಸರ ಬೇಡ. ಕೊನೆಯ ಅರ್ಧ ನಿಮಿಷವನ್ನು ನೋಡಿಬಿಡೋಣ.

ಇಬ್ಬರೇ ಆಡುತ್ತಿದ್ದಾರೆ, ಸಮಬಲರು. ಕ ಒಂದು ಹೊರದೂಡುವಿಕೆಯಷ್ಟು ಮುಂದಿದ್ದಾನೆ. ಪ್ರತಿ ಮುಖಾಮುಖಿಯಲ್ಲಿಯೂ ಇಬ್ಬರಲ್ಲೊಬ್ಬ ಹೊರಬೀಳುತ್ತಾನೆ, ಇಬ್ಬರಿಗೂ ಸಂಭವ ಒಂದೇ ಎಂದುಕೊಳ್ಳೋಣ. ಸಮವಾದರೆ ಹೆಚ್ಚುವರಿ ಕಾಳಗದಲ್ಲಿ ತಲಾ ಅರ್ಧ ಸಂಭವ. ಇನ್ನು ಐದು ಮುಖಾಮುಖಿಗಳಿಗೆ ಸಮಯವಿದ್ದರೆ ಕ ಗೆಲ್ಲುವ ಸಂಭವ 32ರಲ್ಲಿ 21. ಮೂರಕ್ಕೆ ಮಾತ್ರ ಸಮಯವಿದ್ದರೆ 32ರಲ್ಲಿ 22. ಒಂದಕ್ಕೆ ಮಾತ್ರವಾದರೆ 32ರಲ್ಲಿ 24. ಒಂದಕ್ಕೂ ಸಮಯವಿಲ್ಲದಿದ್ದರೆ 32ಕ್ಕೆ 32. ಗಣಿತದಲ್ಲಿ ಆಸಕ್ತಿಯುಳ್ಳವರು ನಾಣ್ಯವನ್ನು ಚಿಮ್ಮುವ ಲೆಕ್ಕದಂತೆ ಇದನ್ನು ತಾವೇ ಸಾಧಿಸಿ ನೋಡಬಹುದು.

ಈ ನಾಲ್ಕು ಸಂಖ್ಯೆಗಳಲ್ಲಿ ಕಥೆಯೆಲ್ಲ ಇದೆ. ಒಂದೇ ಮುನ್ನಡೆಗೆ, ಕಾಲ ಕಳೆದಂತೆ, ತಾನಾಗಿಯೇ ಬೆಲೆ ಏರುತ್ತದೆ. ಮೊದಲು ಮೆಲ್ಲಗೆ, ಕೊನೆಯಲ್ಲಿ ಥಟ್ಟನೆ. ಕ ಕೊನೆಯ ಮುಖಾಮುಖಿಯನ್ನು ಒಪ್ಪಿಕೊಂಡರೆ ಅವನ ಕೈಯಲ್ಲಿರುವ ನಾಲ್ಕರಲ್ಲಿ ಒಂದು ಪಾಲನ್ನು ತಾನೇ ಎದುರಾಳಿಗೆ ದಾನ ಮಾಡಿದಂತೆ. ಓಡಿಹೋಗಿ ತಪ್ಪಿಸಿಕೊಂಡರೆ ಪೂರ್ತಿ ಅವನದೇ. ಹಿಂದುಳಿದವನ ಪಾಡು ಇದಕ್ಕೆ ವಿರುದ್ಧ. ಒಂದರಿಂದ ಸೋತರೂ ಮೂರರಿಂದ ಸೋತರೂ ಅವನಿಗೆ ಸೋಲು ಸೋಲೇ; ಆದುದರಿಂದ ಸಾಮಾನ್ಯ ಕಾಲದಲ್ಲಿ ಮೂರ್ಖತನವೆನಿಸುವ ಸಾಹಸವೂ ಕೊನೆಯ ಹತ್ತು ಸೆಕೆಂಡಿನಲ್ಲಿ ವಿವೇಕವೇ ಆಗುತ್ತದೆ. ಒಂದೇ ಗಡಿಯಾರ ಒಬ್ಬನನ್ನು ಅಂಜುಬುರುಕನನ್ನಾಗಿಯೂ ಇನ್ನೊಬ್ಬನನ್ನು ಹುಂಬನನ್ನಾಗಿಯೂ ಮಾಡುತ್ತದೆ. ಪ್ರಾಣಮಿತಿಯಲ್ಲಿ ಹಿಂಜರಿತ ಪಂದ್ಯದ ಆರಂಭದಲ್ಲಿದ್ದಿತು. ಕಾಲಮಿತಿ ಅದನ್ನು ಅಳಿಸಿಹಾಕಲಿಲ್ಲ, ಕೊನೆಗೆ ಸಾಗಿಸಿತು.

ಓಡುವುದು ಎಷ್ಟು ಸುಲಭ ಎಂಬುದು ಅಖಾಡದ ಆಕಾರವನ್ನು ಅವಲಂಬಿಸಿದೆ. ಅಖಾಡ ಒಂದು ಹಲಗೆಯಂತೆ ಎರಡು ತುದಿಗಳುಳ್ಳದ್ದಾದರೆ ಬೆನ್ನಟ್ಟಿದವನು ಓಡುವವನನ್ನು ಒಂದಲ್ಲ ಒಂದು ತುದಿಗೆ ಒತ್ತಬಹುದು. ಅಖಾಡದಲ್ಲಿ ಬಳೆಯಂತೆ ಸುತ್ತಿಬರುವ ದಾರಿಯೊಂದಿದ್ದರೆ ಕಥೆಯೇ ಬೇರೆ. ಬಳೆಗೆ ತುದಿಯಿಲ್ಲ, ಓಡುವವನ ವೇಗ ಬೆನ್ನಟ್ಟುವವನಷ್ಟೇ ಇದ್ದರೂ ಅವನು ಎಂದೆಂದಿಗೂ ಸಿಕ್ಕುವುದಿಲ್ಲ. ಕಂಬವನ್ನು ಸುತ್ತುತ್ತ ತಾಯಿಯಿಂದ ತಪ್ಪಿಸಿಕೊಳ್ಳುವ ಮಗುವಿಗೂ ತಿಳಿದಿರುವ ತತ್ತ್ವವಿದು. 'ಮೆಲೀ' ಆಟದಲ್ಲಿ ಹೈರೂಲ್ ದೇವಾಲಯವೆಂಬ ವಿಶಾಲವಾದ ಅಖಾಡವೊಂದಿದೆ; ಅದರಲ್ಲಿ ಇಂತಹ ಸುತ್ತುದಾರಿ ಇರುವುದರಿಂದಲೇ ಸ್ಪರ್ಧೆಗಳಲ್ಲಿ ಅದನ್ನು ಬಳಸಗೊಡುವುದಿಲ್ಲ. ಒಂದು ಏಟು ಹೊಡೆದು, ಉಳಿದ ಏಳೂವರೆ ನಿಮಿಷ ದೇವಾಲಯಕ್ಕೆ ಪ್ರದಕ್ಷಿಣೆ ಹಾಕಿ ಗೆದ್ದುಬರಬಹುದಾದರೆ ಅದು ಯಾವ ಸ್ಪರ್ಧೆ?

ಬಯಲಿಗೆ ಬಂದ ತೊಡಕು

ಗೆಳೆಯರ ಕೋಣೆಯಲ್ಲಿ ಇದೆಲ್ಲ ನಗೆಯ ವಿಷಯ. ಹಣದ ಬಹುಮಾನವಿಟ್ಟು ದಿನವಿಡೀ ನಡೆಯುವ ಸ್ಪರ್ಧೆಗಳಲ್ಲಿ ಹಾಗಲ್ಲ. ಅಲ್ಲಿ ಇಬ್ಬಿಬ್ಬರೇ ಆಡುವುದರಿಂದ ಮೂಲೆಯಲ್ಲಿ ಕಾಯುವ ಮೂರನೆಯವನ ಭಯವಿಲ್ಲ. ಆದುದರಿಂದ ನಡೆಸುವವರು ಪ್ರಾಣಮಿತಿಯನ್ನೇ ಆರಿಸಿಕೊಂಡರು. ಆದರೆ ನೂರಾರು ಮಂದಿಯ ಸ್ಪರ್ಧೆ ಆ ರಾತ್ರಿಯೇ ಮುಗಿಯಬೇಕಲ್ಲ! ಹೀಗಾಗಿ ಗಡಿಯಾರ ಹಿಂಬಾಗಿಲಿನಿಂದ ಮತ್ತೆ ಒಳಬಂದಿತು. 'ಮೆಲೀ' ಸ್ಪರ್ಧೆಗಳಲ್ಲಿ ತಲಾ ನಾಲ್ಕು ಪ್ರಾಣ, ಎಂಟು ನಿಮಿಷ ಎಂಬುದು ರೂಢಿಯಾಯಿತು. ಕಾಲ ಮುಗಿದರೆ ಹೆಚ್ಚು ಪ್ರಾಣ ಉಳಿಸಿಕೊಂಡವನು ಗೆಲ್ಲುತ್ತಾನೆ. ಪ್ರಾಣಗಳು ಸಮವಾದರೆ ಶೇಕಡಾ ಸಂಖ್ಯೆ ಕಡಿಮೆಯಿದ್ದವನು. ಅದೂ ಸಮವಾದರೆ ಒಂದೇ ಪ್ರಾಣದ, ಮೂರು ನಿಮಿಷಗಳ ಮರುಪಂದ್ಯ. ಯಂತ್ರ ಹೂಡುವ ಶೇಕಡಾ 300ರ ಕಾಳಗವನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಮೊದಲು ಗುಂಡು ಹಾರಿಸಿದವನೇ ಗೆಲ್ಲುವ ಆ ಜೂಜಿಗೆ ಎಂಟು ನಿಮಿಷಗಳ ಶ್ರಮವನ್ನು ಒಪ್ಪಿಸಲಾಗದೆಂಬುದು ಅವರ ವಾದ. ಅದು ಸರಿಯೂ ಹೌದು.

ಮಿತಿಯನ್ನು ಉದ್ದವಾಗಿರಿಸಿದುದರ ಉದ್ದೇಶ ಗಡಿಯಾರ ಎಂದೂ ಮಾತನಾಡದಿರಲಿ ಎಂಬುದು. ಸಾಮಾನ್ಯವಾಗಿ ಪಂದ್ಯಗಳು ಅದಕ್ಕೆ ಬಹಳ ಮೊದಲೇ ಮುಗಿಯುತ್ತವೆ. ಆದರೂ ನಿಯಮದಲ್ಲಿ ಗಡಿಯಾರದ ಹೆಸರಿದ್ದ ಮೇಲೆ ಅದನ್ನು ಆಯುಧವಾಗಿ ಹಿಡಿಯುವವನೊಬ್ಬ ಬಂದೇ ಬರುತ್ತಾನೆ. 2008ರ 'ಬ್ರಾಲ್' ಆಟದಲ್ಲಿ ಆ ಆಯುಧಕ್ಕೆ ತಕ್ಕ ಕೈ ದೊರೆಯಿತು. ಮೆಟಾ ನೈಟ್ ಎಂಬ ಪಾತ್ರ ಮುಖವಾಡ ತೊಟ್ಟ ಪುಟ್ಟ ಯೋಧ, ರೆಕ್ಕೆಗಳುಂಟು, ಗಾಳಿಯಲ್ಲಿಯೇ ಮತ್ತೆ ಮತ್ತೆ ಜಿಗಿಯಬಲ್ಲ. ಈ ಆಟದಲ್ಲಿ ಅಖಾಡದ ಅಂಚನ್ನು ಹಿಡಿದು ನೇತಾಡಬಹುದು. ಹಿಡಿದ ಕೂಡಲೆ ಕೆಲವು ಚಿತ್ರಗಳ ಕಾಲ ಯಾವ ಏಟೂ ತಾಗದು. ಬೀಳುವವನಿಗೆ ಉಸಿರಾಡಲು ಕೊಟ್ಟ ದಯೆ ಅದು. ಮೆಟಾ ನೈಟ್ ಆಡುವವರು ಅಂಚನ್ನು ಹಿಡಿದು, ಬಿಟ್ಟು, ಕೆಳಗಿಳಿದು, ಜಿಗಿದು, ಮತ್ತೆ ಹಿಡಿದು, ಆ ದಯೆಯನ್ನು ಮತ್ತೆ ಮತ್ತೆ ಪಡೆಯುವುದನ್ನು ಕಂಡುಹಿಡಿದರು. ಒಂದು ಏಟಿನಷ್ಟು ಮುನ್ನಡೆ ಸಿಕ್ಕಿದರೆ ಸಾಕು, ಮುಂದಿನ ನಿಮಿಷಗಳೆಲ್ಲ ಅಂಚಿನಲ್ಲಿಯೇ. ಎದುರಾಳಿ ಹತ್ತಿರ ಹೋದರೆ ಕತ್ತಿಯ ಏಟು. ಹೋಗದಿದ್ದರೆ ಗಡಿಯಾರದ ಏಟು.

ಇದಕ್ಕೆ ಸ್ಪರ್ಧೆಯವರು ಹೂಡಿದ ಪರಿಹಾರ ವಿಚಿತ್ರವಾದುದು. ಪಂದ್ಯದ ಕೊನೆಯಲ್ಲಿ ಯಂತ್ರ ತೋರಿಸುವ ಪಟ್ಟಿಯಲ್ಲಿ ಯಾರು ಎಷ್ಟು ಸಲ ಅಂಚನ್ನು ಹಿಡಿದರೆಂಬ ಎಣಿಕೆಯೂ ಇರುತ್ತದೆ. ಪಂದ್ಯ ಕಾಲ ಮುಗಿದುದರಿಂದಲೇ ಕೊನೆಗೊಂಡು, ಒಬ್ಬನು ಗೊತ್ತಾದ ಮಿತಿಗಿಂತ ಹೆಚ್ಚು ಸಲ ಅಂಚನ್ನು ಹಿಡಿದಿದ್ದರೆ ಅವನಿಗೆ ಸೋಲು ಎಂದು ಕಟ್ಟಳೆ ಮಾಡಿದರು. ಮಿತಿ ಎಷ್ಟಿರಬೇಕೆಂಬುದರ ಮೇಲೆ ವಾದಗಳಾದುವು. ಒಂದೊಂದು ಸ್ಪರ್ಧೆಯಲ್ಲಿ ಒಂದೊಂದು ಸಂಖ್ಯೆ. ಅಮೆರಿಕದ ಸ್ಪರ್ಧಾವ್ಯವಸ್ಥಾಪಕರ ಒಂದು ಸಮಿತಿ 2012ರಲ್ಲಿ ಮೆಟಾ ನೈಟ್ ಪಾತ್ರವನ್ನೇ ನಿಷೇಧಿಸಿತು. ಓಡುವಿಕೆಯೊಂದೇ ಅದಕ್ಕೆ ಕಾರಣವಲ್ಲ. ಆ ಪಾತ್ರ ಇತರ ರೀತಿಗಳಲ್ಲಿಯೂ ಅತಿ ಬಲಿಷ್ಠವಾಗಿತ್ತು. ನಿಷೇಧವನ್ನು ಎಲ್ಲರೂ ಒಪ್ಪಲಿಲ್ಲ. ವರ್ಷಗಟ್ಟಲೆ ಒಂದೇ ಪಾತ್ರವನ್ನು ಅಭ್ಯಾಸ ಮಾಡಿದವನಿಗೆ ಒಂದು ದಿನ ಬೆಳಗ್ಗೆ 'ಇನ್ನು ನೀನು ಇದನ್ನು ಆಡುವಂತಿಲ್ಲ' ಎಂದರೆ ಅವನ ನಷ್ಟವನ್ನು ಯಾರು ತುಂಬಿಕೊಡುವರು? ಅಂಚಿನಲ್ಲಿ ನೇತಾಡುವವನನ್ನು ನೋಡಲು ಹಣ ತೆತ್ತು ಬಂದ ಪ್ರೇಕ್ಷಕನ ನಷ್ಟವನ್ನು ತಾನೆ ಯಾರು ತುಂಬಿಕೊಡುವರು?

ಓಡುವವನನ್ನು ಹೇಡಿಯೆಂದು ಜರೆಯುವುದು ಸುಲಭ. ನನಗೆ ಹಾಗನ್ನಿಸುವುದಿಲ್ಲ. 32ರಲ್ಲಿ 24ಕ್ಕಿಂತ 32 ದೊಡ್ಡದೆಂದು ತಿಳಿದವನು ಲೆಕ್ಕ ಬಲ್ಲವನು, ಅಷ್ಟೆ. ಓಟಕ್ಕೆ ಬಹುಮಾನ ಕೊಡುತ್ತಿರುವುದು ನಿಯಮ; ತಿದ್ದಬೇಕಾದುದೂ ಅದನ್ನೇ. ಇತರ ಕ್ರೀಡೆಗಳು ಹೀಗೆ ತಿದ್ದಿಕೊಂಡದ್ದುಂಟು. 1950ರ ನವೆಂಬರ್ 22ರಂದು ಅಮೆರಿಕದ ಬ್ಯಾಸ್ಕೆಟ್‌ಬಾಲ್ ಪಂದ್ಯವೊಂದು 19ಕ್ಕೆ 18 ಅಂಕಗಳಿಂದ ಮುಗಿಯಿತು. ಫೋರ್ಟ್ ವೇನ್ ತಂಡದವರು ಚೆಂಡನ್ನು ತಮ್ಮಲ್ಲಿಯೇ ಹಿಡಿದಿಟ್ಟುಕೊಂಡು ಮಿನಿಯಾಪೊಲಿಸ್ ತಂಡವನ್ನು ಸೋಲಿಸಿದ್ದರು. ಪ್ರೇಕ್ಷಕರು ಬೇಸತ್ತರು. ಸಿರಾಕ್ಯೂಸ್ ತಂಡದ ಒಡೆಯ ಡ್ಯಾನಿ ಬಯಾಸೋನ್ ಒಂದು ಸರಳ ಲೆಕ್ಕ ಹಾಕಿದರು: ಪಂದ್ಯವೊಂದು 48 ನಿಮಿಷ, ಎಂದರೆ 2,880 ಸೆಕೆಂಡು, ನೋಡಲು ಸೊಗಸಾದ ಪಂದ್ಯದಲ್ಲಿ ಎರಡು ತಂಡಗಳೂ ಸೇರಿ ಸುಮಾರು 120 ಸಲ ಬುಟ್ಟಿಗೆ ಗುರಿಯಿಡುತ್ತವೆ, ಭಾಗಿಸಿದರೆ 24. 1954ರಿಂದ, ಚೆಂಡು ಕೈಗೆ ಬಂದ 24 ಸೆಕೆಂಡಿನೊಳಗೆ ಗುರಿಯಿಡಲೇಬೇಕೆಂಬ ನಿಯಮ ಜಾರಿಗೆ ಬಂದಿತು. ಒಂದು ಗಡಿಯಾರದ ಕೇಡನ್ನು ಇನ್ನೊಂದು ಗಡಿಯಾರದಿಂದ ಕಳೆದರು. ನಮ್ಮ ಕಬಡ್ಡಿಯಲ್ಲಿಯೂ, 2014ರಲ್ಲಿ ಆರಂಭವಾದ ಪ್ರೊ ಕಬಡ್ಡಿಯನ್ನು ನೋಡಿದವರಿಗೆ ತಿಳಿದಿರುವಂತೆ, ತಂಡವೊಂದರ ಎರಡು ದಾಳಿಗಳು ಸತತವಾಗಿ ಬರಿದಾದರೆ ಮೂರನೆಯ ದಾಳಿಗಾರ ಅಂಕ ತರಲೇಬೇಕು; ಇಲ್ಲವಾದರೆ ಅವನೇ ಔಟು.

ವಿಡಿಯೋ ಆಟಕ್ಕೆ ಇವುಗಳಿಗಿಲ್ಲದ ಒಂದು ಅನುಕೂಲವಿದೆ. ಅಲ್ಲಿ ನಿಯಮವನ್ನು ಮಾತ್ರವಲ್ಲ, ಬೇಕೆಂದರೆ ಪ್ರಕೃತಿಯನ್ನೇ ತಿದ್ದಬಹುದು. 'ಗಿಲ್ಟಿ ಗಿಯರ್' ಎಂಬ ಸರಣಿಯಲ್ಲಿ ಏಟಿನಿಂದ ತಪ್ಪಿಸಿಕೊಳ್ಳುತ್ತ ಹಿಂದೆ ಹಿಂದೆ ಸರಿಯುವವನಿಗೆ ಯಂತ್ರವೇ ಎಚ್ಚರಿಕೆ ಕೊಟ್ಟು, ಅವನು ಕೂಡಿಟ್ಟ ವಿಶೇಷ ಶಕ್ತಿಯನ್ನು ಬರಿದು ಮಾಡುತ್ತದೆ. ತೀರ್ಪುಗಾರ ಸೀಟಿ ಊದಬೇಕಾಗಿಲ್ಲ. 'ಸ್ಮ್ಯಾಶ್' ಸರಣಿಯಲ್ಲಿಯೂ 2014ರ ಆಟದಲ್ಲಿ ಅಂಚಿನ ದಯೆಯನ್ನು ಒಂದೇ ಸಲಕ್ಕೆ ಮಿತಗೊಳಿಸಿದರು: ಒಮ್ಮೆ ಹಿಡಿದು ಬಿಟ್ಟವನು ನೆಲದ ಮೇಲೆ ಕಾಲೂರದೆ ಮತ್ತೆ ಹಿಡಿದರೆ ಈ ಸಲ ಅವನಿಗೆ ಏಟು ತಾಗುತ್ತದೆ. ಸ್ಪರ್ಧೆಯ ಕೊನೆಯಲ್ಲಿ ಪಟ್ಟಿ ತೆಗೆದು ಎಷ್ಟು ಸಲ ಹಿಡಿದನೆಂದು ಎಣಿಸಬೇಕಾದ ಶ್ರಮ ಅಲ್ಲಿಗೆ ಮುಗಿಯಿತು. ಗಡಿಯಾರ ಮಾತ್ರ ಪಂದ್ಯದ ಕಟ್ಟಳೆಯಲ್ಲಿ ಹಾಗೆಯೇ ಉಳಿದಿದೆ. ಸಭಾಂಗಣದ ಬಾಗಿಲನ್ನು ರಾತ್ರಿ ಯಾರಾದರೂ ಮುಚ್ಚಲೇಬೇಕಲ್ಲ.